ಒಂದೇ ಬಿಲ್ಲು, ಎರಡು ಲೆಕ್ಕ

ಜಿಎಸ್‌ಟಿಯಲ್ಲಿ ಪ್ರತಿ ಬಿಲ್ಲಿಗೂ ಎರಡು ಮನೆ. ಮಾರಿದವರು ಪೋರ್ಟಲಿಗೆ ಏರಿಸಿದ್ದು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತದೆ. ಕೊಂಡವರು ಬರೆದುಕೊಂಡದ್ದು ಟ್ಯಾಲಿಯಲ್ಲೋ ಸ್ಯಾಪ್‌ನಲ್ಲೋ ಕೂತಿರುತ್ತದೆ. 2022ರ ಜನವರಿ 1ರಿಂದ, ಮಾರಿದವರು ತೋರಿಸದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. 2ಬಿ ಸಿದ್ಧವಾಗುವುದು 14ನೇ ತಾರೀಖು, ತಿಂಗಳ ರಿಟರ್ನಿಗೆ ಗಡುವು 20. ನಡುವಿನ ದಿನಗಳಲ್ಲಿ ಅಕೌಂಟ್ಸ್ ವಿಭಾಗದವರನ್ನು ಯಾರೂ ಮದುವೆಗೆ ಕರೆಯುವುದಿಲ್ಲ.

ಜಿಎಸ್‌ಟಿ ನಂಬರಿನದು 15 ಅಕ್ಷರ. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಮುಂದಿನ ಹತ್ತು ಪ್ಯಾನ್. ಕೊನೆಯದು ಕೈತಪ್ಪನ್ನು ಹಿಡಿಯುವ ಕಾವಲುಗಾರ. ಆದರೆ ಬೆಂಗಳೂರಿಗೆ ಬಂದ ಸರಕನ್ನು ಅದೇ ಕಂಪನಿಯ ಹೊಸೂರು ನಂಬರಿಗೆ ಬರೆದರೆ ಕಾವಲುಗಾರ ಸಲಾಮು ಹೊಡೆದು ಒಳಗೆ ಬಿಡುತ್ತಾನೆ. ನಂಬರಿನಲ್ಲಿ ತಪ್ಪಿಲ್ಲ, ಕ್ರೆಡಿಟ್ ಮಾತ್ರ ಅತ್ತಿಬೆಲೆ ದಾಟಿರುತ್ತದೆ.

ಬಿಲ್ ನಂಬರಿಗೆ ನಿಯಮ ಕೊಟ್ಟಿರುವ ಮಿತಿ 16 ಅಕ್ಷರ. ಗೀಟು, ಓರೆಗೀಟಿಗೂ ಅವಕಾಶವಿದೆ. ಮಾರಿದವರು ಅದನ್ನು ಧಾರಾಳವಾಗಿ ಬಳಸಿಕೊಂಡು ‘ಬಿಎಲ್‌ಆರ್/0047/24-25’ ಎಂದು ಅಚ್ಚು ಹಾಕಿಸುತ್ತಾರೆ. ಕೊಂಡವರ ಗುಮಾಸ್ತರು ಮಿತವ್ಯಯಿಗಳು, ‘47’ ಎಂದು ಮುಗಿಸುತ್ತಾರೆ. ನಡುವೆ ಬರುವ ಎಕ್ಸೆಲ್ ಮೊದಲ ಸೊನ್ನೆಗಳನ್ನು ನುಂಗುತ್ತದೆ, ‘4/24’ ಕಂಡರೆ ಏಪ್ರಿಲ್ ಎಂದುಕೊಳ್ಳುತ್ತದೆ. ನಂಬರಿನ ಹಿಂದೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದಿದ್ದರೂ ಸಾಕು, ವಿ-ಲುಕಪ್ ಕೈಯೆತ್ತಿಬಿಡುತ್ತದೆ.

ಹೆಸರಿನ ಪಾಡು ಇನ್ನೂ ಕಷ್ಟ. ಸ್ಯಾಪ್ ಪಾರ್ಟಿಯನ್ನು ನಂಬರಿನಿಂದ ಗುರುತಿಸಿದರೆ ಟ್ಯಾಲಿ ಲೆಡ್ಜರಿನ ಹೆಸರಿನಿಂದ ಗುರುತಿಸುತ್ತದೆ. ಇಂಗ್ಲಿಷಿನಲ್ಲಿ ‘ಶ್ರೀ’ಯನ್ನು ನಾಲ್ಕು ಬಗೆಯಲ್ಲಿ ಬರೆಯಬಹುದಾದ್ದರಿಂದ ಒಬ್ಬನೇ ವ್ಯಾಪಾರಿಗೆ ಎರಡು ಲೆಡ್ಜರ್ ಹುಟ್ಟುತ್ತವೆ. ಒಂದರಲ್ಲಿ ಅವನು ಬಾಕಿಗಾಗಿ ಕಾಯುತ್ತಿರುತ್ತಾನೆ, ಇನ್ನೊಂದರಲ್ಲಿ ಅಡ್ವಾನ್ಸ್ ತಿಂದು ಕೂತಿರುತ್ತಾನೆ.

ತಾಳೆ ನೋಡುವುದಕ್ಕೆ ಒಂದು ಕ್ರಮವಿದೆ. ಹೆಸರನ್ನು ನಂಬಬಾರದು; ಮೊದಲು ಜಿಎಸ್‌ಟಿ ನಂಬರು, ಬಳಿಕ ಹಣಕಾಸು ವರ್ಷ, ಏಕೆಂದರೆ ಬಿಲ್ ನಂಬರು ವರ್ಷದೊಳಗಷ್ಟೇ ಒಂಟಿ; ಮರುವರ್ಷ ಅದೇ ‘47’ ಮತ್ತೆ ಬರಬಹುದು. ಆಮೇಲೆ ಗೀಟು, ಸೊನ್ನೆ, ಸ್ಪೇಸ್ ಕಳಚಿದ ಬಿಲ್ ನಂಬರು. ಕೊನೆಗೆ ತೆರಿಗೆಯ ಮೊತ್ತ, ರೌಂಡ್ ಆಫ್‌ಗೆಂದು ಒಂದು ರೂಪಾಯಿ ಆಚೀಚೆ ಬಿಟ್ಟು.

ಇಷ್ಟಕ್ಕೂ ಜಗ್ಗದ ಬಿಲ್ಲುಗಳಿಗೆ ಪಾರ್ಟಿಗೆ ಫೋನ್ ಮಾಡುವುದೊಂದೇ ದಾರಿ. ‘ನಮ್ಮ ಆಡಿಟರ್ ಹಾಕಿದ್ದಾರೆ ಸಾರ್, ನಿಮ್ಮಲ್ಲೇ ಒಂದ್ಸಲ ನೋಡಿ’ ಎಂಬ ಉತ್ತರ ಬರುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಒಂದಕ್ಷರವೂ ವ್ಯತ್ಯಾಸವಿಲ್ಲದೆ ತಾಳೆಯಾಗುವುದು ಅದೊಂದೇ.