ಆರೆಮಂಡಲ ಮೀಮಾಂಸೆ: ಭೂವೃತ್ತಾಂತವೂ ರಾಜ್ಯಪದ್ಧತಿಯೂ

ಯಾವ ಊರಿನ ವರ್ಣನೆಯೇ ಆಗಲಿ ಅಕ್ಷಾಂಶ ರೇಖಾಂಶಗಳಿಂದ ಮೊದಲ್ಗೊಂಡು, ಚತುಸ್ಸೀಮೆಗಳಲ್ಲಿ ವಿಸ್ತಾರಗೊಂಡು, ಅಲ್ಲಿ ವಾಸಿಸುವ ಮನುಷ್ಯರ ಪ್ರಸ್ತಾಪ ಬರುವುದರೊಳಗಾಗಿ ಓದುಗನಿಗೆ ನಿದ್ರೆ ಹತ್ತಿರತಕ್ಕದ್ದೆಂಬುದು ಗ್ಯಾಸೆಟಿಯರುಗಳನ್ನು ರಚಿಸಿದ ಪೂರ್ವಾಚಾರ್ಯರ ಸಂಪ್ರದಾಯ. ವಿಚಾರಸಂಕಿರಣಗಳ ಗಟ್ಟಿ ಕುರ್ಚಿಗಳ ಮೇಲೆ ಕುಳಿತು ಪರಿಧಿ, ಪರಿಪ್ರೇಕ್ಷ್ಯ, ಸಂರಚನೆ ಎಂಬ ತಾಪತ್ರಯಗಳನ್ನು ಅನುಭವಿಸಿದ ಪ್ರಕೃತ ಲೇಖಕನು ಆ ಸಂಪ್ರದಾಯವನ್ನು ಶಿರಸಾ ವಹಿಸಿ, ಮುಂಬಯಿ ಮಹಾನಗರದ ಉದರದಲ್ಲಿ ಇನ್ನೂ ಜೀರ್ಣವಾಗದೆ ಉಳಿದಿರುವ ಒಂದು ಗ್ರಾಮೀಣ ಸಂಸ್ಥಾನವನ್ನು, ಎಂದರೆ ಗೋರೆಗಾಂವದ ಆರೆ ಕಾಲೊನಿಯನ್ನು, ಶಾಸ್ತ್ರದ ಚೌಕಟ್ಟಿಗೆ ಒಳಪಡಿಸಲು ಉದ್ಯುಕ್ತನಾಗಿದ್ದಾನೆ.

ಪ್ರಥಮತಃ ಸೀಮಾನಿರ್ಣಯ. ಪಶ್ಚಿಮಕ್ಕೆ ಅಹರ್ನಿಶಿ ಗರ್ಜಿಸುವ ಎಕ್ಸ್‌ಪ್ರೆಸ್ ಹೈವೇ, ಉತ್ತರಕ್ಕೆ ರಾಷ್ಟ್ರೀಯ ಉದ್ಯಾನ ಮತ್ತು ಕಾಗದದ ಅರಮನೆಗಳ ಚಿತ್ರನಗರಿ, ಪೂರ್ವಕ್ಕೆ ವಿಹಾರ ಮತ್ತು ಪವಯಿ ಸರೋವರಗಳು, ದಕ್ಷಿಣಕ್ಕೆ ಮರೋಳ: ಇವುಗಳ ಮಧ್ಯೆ ಮೂರು ಸಾವಿರ ಎಕರೆಗೂ ಮಿಕ್ಕಿ ಈ ಮಂಡಲವು ಪಸರಿಸಿದೆ. ವಿಹಾರ ಸರೋವರವು 1860ರಲ್ಲಿ ಸಿದ್ಧಗೊಂಡು ದ್ವೀಪನಗರದ ದಾಹವನ್ನು ತಣಿಸಿತು. ಅದರ ನೆರೆಯ ಕೆಲವು ಪಾಡಾಗಳಿಗೆ, ಎಂದರೆ ಆದಿವಾಸಿಗಳ ಹಾಡಿಗಳಿಗೆ, ಶತಮಾನವೊಂದು ಕಳೆದರೂ ನಲ್ಲಿ ಬರಲಿಲ್ಲವೆಂಬುದನ್ನು ಭೂಗೋಳಶಾಸ್ತ್ರವು ತನ್ನ ವ್ಯಾಪ್ತಿಗೆ ಹೊರಗಿನ ವಿಷಯವೆಂದು ಪರಿಗಣಿಸುತ್ತದೆ. ಈ ಸರೋವರಗಳ ಕೋಡಿಯಿಂದ ಹುಟ್ಟುವ ಮೀಠಿಯು ನದಿಯೋ ಚರಂಡಿಯೋ ಎಂಬ ಜಿಜ್ಞಾಸೆ ಬಹುಕಾಲ ನಡೆಯಿತು. 2005ರ ಜುಲೈ 26ರಂದು ಸಾಂತಾಕ್ರೂಝಿನ ಮಳೆಮಾಪಕವು ಒಂದೇ ದಿನದಲ್ಲಿ 944 ಮಿಲಿಮೀಟರುಗಳನ್ನು ಅಳೆದು, ಕುರ್ಲಾದ ಮನೆಗಳೊಳಕ್ಕೆ ಮೀಠಿಯೇ ಸ್ವತಃ ಪ್ರವೇಶಿಸಿದ ತರುವಾಯ, ಅದು ನದಿಯೆಂಬ ಸಿದ್ಧಾಂತಪಕ್ಷಕ್ಕೆ ಜಯವಾಯಿತು.

ದ್ವಿತೀಯತಃ ಪ್ರಜಾವರ್ಗ. ಇದು ಷಡ್ವಿಧ. ಅವುಗಳಲ್ಲಿ ಅಗ್ರಗಣ್ಯವಾದದ್ದು ಮಹಿಷವರ್ಗ. ನಗರಮಧ್ಯದ ತಬೇಲಾಗಳ ಎಮ್ಮೆಗಳನ್ನು ಊರಾಚೆಗೆ ಸಾಗಿಸಿ ನಾಗರಿಕರಿಗೆ ಶುದ್ಧವಾದ ಹಾಲನ್ನು ಒದಗಿಸಬೇಕೆಂದು ದಾರಾ ಖುರೋಡಿಯವರು ಸಂಕಲ್ಪಿಸಿ, 1949ರಲ್ಲಿ ಕಾರ್ಯಾರಂಭವಾಗಿ, 1951ರಲ್ಲಿ ಪಂಡಿತ ನೆಹರೂ ಅವರಿಂದ ಈ ವಸಾಹತು ಉದ್ಘಾಟನೆಗೊಂಡಿತು. 1963ರಲ್ಲಿ ಖುರೋಡಿಯವರಿಗೆ ಕುರಿಯನ್ ಮತ್ತು ತ್ರಿಭುವನದಾಸ ಪಟೇಲರೊಡನೆ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು. ಇದನ್ನು ಪರಿಹಾಸ್ಯಕ್ಕಾಗಿ ಹೇಳುತ್ತಿಲ್ಲ. ಹಾಲಿಗಾಗಿ ಇಷ್ಟು ಅಚ್ಚುಕಟ್ಟಾಗಿ ಆಲೋಚಿಸಿದ ಸರಕಾರ ಒಂದು ಕಾಲಕ್ಕೆ ಇದ್ದಿತು. ಇಲ್ಲಿಯ ಎಮ್ಮೆಗೆ ಯುನಿಟ್ ನಂಬರುಂಟು, ಲೈಸೆನ್ಸುಂಟು, ಮೇಲೆ ಸೂರುಂಟು. ಎರಡನೆಯದು ಗೋಪಾಲಕವರ್ಗ. ಮೂರನೆಯದಾದ ಚಿರತೆಯು ಉದ್ಯಾನದ ಬೇಲಿಯಾಚೆ ಅರಣ್ಯ ಇಲಾಖೆಯ ಪ್ರಜೆಯಾಗಿಯೂ, ಈಚೆಗೆ ಕಾಲಿಟ್ಟ ಕ್ಷಣದಿಂದ ಡೇರಿ ಇಲಾಖೆಯ ಅತಿಥಿಯಾಗಿಯೂ ದ್ವಿಪೌರತ್ವವನ್ನು ಅನುಭವಿಸುತ್ತದೆ. ನಾಲ್ಕನೆಯದು, ಭಾನುವಾರಗಳಂದು ಛೋಟಾ ಕಾಶ್ಮೀರವೆಂಬ ವಿಹಾರೋದ್ಯಾನದ ದೋಣಿಗಳಲ್ಲಿ ದೃಗ್ಗೋಚರವಾಗುವ ಪ್ರಣಯಿವರ್ಗ. ಐದು ಮತ್ತು ಆರನೆಯವುಗಳನ್ನು ಕೈಬಿಡಲಾಗಿದೆ. ಏಕೆಂದರೆ ಇವರೆಲ್ಲರಿಗಿಂತ ಮೊದಲೇ ಇಲ್ಲಿದ್ದು, ಹುಲಿದೈವವಾದ ವಾಘೋಬನನ್ನು ಪೂಜಿಸುತ್ತ, ಗುಡ್ಡದ ಓರೆಯಲ್ಲಿ ಭತ್ತ ತರಕಾರಿಗಳನ್ನು ಬೆಳೆಯುತ್ತ ಬಂದ ವಾರ್ಲಿ, ಕೋಕಣಾ, ಮಲ್ಹಾರ ಕೋಳಿ ಜನರ 27 ಪಾಡಾಗಳನ್ನು ಈ ಪಟ್ಟಿಯ ಯಾವ ಅಂಕದ ಕೆಳಗೆ ತುರುಕುವುದೆಂದು ತಿಳಿಯದೆ ವರ್ಗೀಕರಣವೇ ಮುರಿದುಬಿದ್ದಿದೆ.

ತೃತೀಯತಃ ರಾಜ್ಯಪದ್ಧತಿ. ಮಹಾನಗರಪಾಲಿಕೆಯು ತನ್ನ ಸಾಮ್ರಾಜ್ಯವನ್ನು ಆಂಗ್ಲ ವರ್ಣಮಾಲೆಯಿಂದ ವಾರ್ಡುಗಳಾಗಿ ವಿಭಜಿಸಿ, ಎ ಅಕ್ಷರದಿಂದ ಟಿ ಅಕ್ಷರದವರೆಗೆ ನಡೆದು, ನಡುವೆ ಐ, ಜೆ, ಓ, ಕ್ಯೂ ಎಂಬ ನಾಲ್ಕನ್ನು ವಿಸರ್ಜಿಸಿದೆ; ಆ ಲುಪ್ತಾಕ್ಷರಗಳ ವಾರ್ಡುಗಳಲ್ಲಿ ನಲ್ಲಿಗಳು ಸದಾ ಹರಿಯುತ್ತವೆಂದೂ ರಸ್ತೆಗಳಲ್ಲಿ ಗುಂಡಿಗಳಿಲ್ಲವೆಂದೂ ವಿದ್ವಾಂಸರ ಊಹೆ. ಆರೆಯ ಬಹುಭಾಗವು ಪಿ ದಕ್ಷಿಣಕ್ಕೆ ಸಲ್ಲುತ್ತದೆ. ಆದರೆ ನೆಲವು ರಾಜ್ಯದ ಡೇರಿ ಅಭಿವೃದ್ಧಿ ಇಲಾಖೆಯದು. ಅದರ ಪರವಾಗಿ ಒಬ್ಬ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಆಳುತ್ತಾರೆ. ಮತ ಕೇಳುವುದಕ್ಕೆ ನಗರಸೇವಕರು ಬರುತ್ತಾರೆ, ಅಥವಾ ಬರುತ್ತಿದ್ದರು. 2022ರ ಮಾರ್ಚ್ 7ಕ್ಕೆ ಪಾಲಿಕೆಯ ಅವಧಿ ಮುಗಿದು, ಮುಂದಿನ ಚುನಾವಣೆ 2026ರ ಜನವರಿಗೆ ಒದಗುವವರೆಗೆ ದೇಶದ ಅತಿ ಶ್ರೀಮಂತ ಪಾಲಿಕೆಯೇ ನಗರಸೇವಕರಿಲ್ಲದೆ ನಡೆಯಿತಾಗಿ, ಆರೆಯ ಪುರಾತನ ಪದ್ಧತಿಯು ಇಡೀ ಮುಂಬಯಿಗೆ ವಿಸ್ತರಿಸಲ್ಪಟ್ಟಿತೆನ್ನಬಹುದು. ಪ್ರಸಂಗವಶಾತ್ ಒಂದು ಮಾತು: ಮಂಡಲದ ಮುಖ್ಯ ರಸ್ತೆಗೆ ದಿನಕರರಾವ್ ದೇಸಾಯಿ ಎಂಬ ಹೆಸರಿರುವುದರಿಂದ, ಫಲಕವನ್ನು ಕಂಡ ಕನ್ನಡಿಗನು ಕೂಡಲೇ ಅಂಕೋಲೆಯ ಕಡೆಯ ನಮ್ಮ ಚುಟುಕ ಕವಿಯನ್ನು ನೆನೆದು ಎದೆಯುಬ್ಬಿಸುತ್ತಾನೆ. ನಾಮಸಾಮ್ಯಕ್ಕಿಂತ ಹೆಚ್ಚಿನ ಪ್ರಮಾಣವನ್ನು ಕೇಳುವುದು ನಮ್ಮ ಸಂಶೋಧನಾ ಪರಂಪರೆಗೆ ಅಗೌರವ.

ಪಾಡಾದವನೊಬ್ಬನಿಗೆ ನಲ್ಲಿ ಬೇಕಾದರೆ ನೀರು ಪಾಲಿಕೆಯದು, ಕೊಳವೆ ಹೂಳುವ ನೆಲ ಡೇರಿಯದು, ಆಚೆಯ ಮರ ಅರಣ್ಯದವರದು. ನವಶಾಚಾ ಪಾಡಾ ಪಶುವೈದ್ಯಕೀಯ ಕಾಲೇಜಿನ ನೆಲದಲ್ಲಿರುವುದರಿಂದ ಅಲ್ಲಿ ದೀಪ ಹತ್ತಬೇಕಾದರೂ ಎನ್‌ಒಸಿ ಬೇಕಾಯಿತು. ದಶಕಗಳವರೆಗೆ ಅಲ್ಲಿಯ ಮಕ್ಕಳು ಮಹಾನಗರದ ದೀಪಗಳನ್ನು ದೂರದಿಂದ ನೋಡುತ್ತ ಕತ್ತಲಲ್ಲಿ ಓದಿದರು. ಈ ವಾಕ್ಯವನ್ನು ಶಾಸ್ತ್ರೀಯ ಪರಿಭಾಷೆಯಲ್ಲಿ ಬರೆಯಲು ಲೇಖಕನು ಯತ್ನಿಸಿ ಸೋತಿದ್ದಾನೆ.

ಚತುರ್ಥ ಅಧಿಕರಣದ ಶೀರ್ಷಿಕೆಯು 'ಅರಣ್ಯತ್ವ ವಿಚಾರ' ಎಂದಿರಬೇಕಾಗಿತ್ತು. ಲಕ್ಷಾಂತರ ಮರಗಳು, ಚಿರತೆ, ತೊರೆ, ಆದಿವಾಸಿ ಇವೆಲ್ಲ ಇದ್ದಮಾತ್ರಕ್ಕೆ ಒಂದು ಸ್ಥಳವು ಅರಣ್ಯವಾಗಲಾರದು, ಅದಕ್ಕೆ ಕಾಗದ ಬೇಕು. 2019ರ ಅಕ್ಟೋಬರ್ 4ರಂದು, ಆರೆಯನ್ನು ಅರಣ್ಯವೆಂದು ಘೋಷಿಸಬೇಕೆಂಬ ಬೇಡಿಕೆಯೂ ಸೇರಿದಂತೆ ಅರ್ಜಿಗಳನ್ನು ಉಚ್ಚ ನ್ಯಾಯಾಲಯವು ವಜಾ ಮಾಡಿತು. ಅಂದೇ ರಾತ್ರಿ ಮೆಟ್ರೊ ರೈಲುಗಳು ತಂಗುವ ಕಾರ್‌ಶೆಡ್ಡಿಗಾಗಿ ಗರಗಸಗಳು ಬಂದವು. ಸರ್ವೋಚ್ಚ ನ್ಯಾಯಾಲಯವು 7ರಂದು ತಡೆಯುವಷ್ಟರಲ್ಲಿ 2,141 ಮರಗಳು ಉರುಳಿದ್ದವು, ತಡೆಯಲು ಬಂದವರಲ್ಲಿ 29 ಮಂದಿ ಬಂಧಿತರಾಗಿದ್ದರು. ಒಂದು ನಲ್ಲಿಗಾಗಿ ಮೂರು ಇಲಾಖೆಗಳ ಮೊಹರಿಗೆ ತಲೆಮಾರುಗಳನ್ನೇ ಕಾಯಿಸಿದ ಇದೇ ಆಡಳಿತಕ್ಕೆ, ಮರ ಕಡಿಯಲು ಬೆಳಗಾಗುವವರೆಗೂ ಕಾಯುವ ವ್ಯವಧಾನವಿರಲಿಲ್ಲ. ಎಷ್ಟು ಚುರುಕು, ಎಂತಹ ಸಮನ್ವಯ! ಯಾವ ಇಲಾಖೆಯೂ ಯಾವ ಇಲಾಖೆಯನ್ನೂ ಕೇಳಲಿಲ್ಲ. ರೈಲು ಬೇಡವೆಂದು ಯಾರೂ ಹೇಳಿರಲಿಲ್ಲ. ಲೋಕಲಿನ ಬಾಗಿಲಿಗೆ ಜೋತುಬಿದ್ದು ಬದುಕುವ ಊರಿನಲ್ಲಿ ಹಾಗೆ ಹೇಳುವ ಮೂರ್ಖರಿಲ್ಲ. ಹಗಲಿನಲ್ಲಿ, ಜನರ ಕಣ್ಣೆದುರಿಗೆ ಮಾಡಲಾಗದ ಕೆಲಸವನ್ನು ರಾತ್ರಿಯಲ್ಲಿ ಏಕೆ ಮಾಡಿದಿರೆಂದಷ್ಟೇ ಕೇಳಿದರು. ಉತ್ತರ ಬಂದಿಲ್ಲ.

ಅದಾಗಿ ಒಂದು ವರ್ಷವೂ ತುಂಬದೆ, 2020ರ ಸೆಪ್ಟೆಂಬರಿನಲ್ಲಿ, ಅಂದಿನ ಸರಕಾರವು ಅದೇ ಆರೆಯ 600 ಎಕರೆಗಳು ಮೀಸಲು ಅರಣ್ಯವಾಗತಕ್ಕವೆಂದು ಸಾರಿತು. 2022ರಲ್ಲಿ ಬಂದ ಸರಕಾರವು, ಹಿಂದಿನ ಸರಕಾರವು ಬೇರೆಡೆಗೆ ಕಳಿಸಹೊರಟಿದ್ದ ಕಾರ್‌ಶೆಡ್ಡನ್ನು ಪುನಃ ಆರೆಗೇ ತಂದಿತು. ಇನ್ನು 84 ಮರಗಳ ವಿಷಯದಲ್ಲಿ ಮಾತ್ರ ಮನವಿ ಸಲ್ಲಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು ಅನುಮತಿಯಿತ್ತಿದ್ದರೂ ಅದಕ್ಕಿಂತ ಹೆಚ್ಚು ಮರಗಳಿಗೆ ಕೈಚಾಚಿದ ಮೆಟ್ರೊ ನಿಗಮಕ್ಕೆ 2023ರ ಏಪ್ರಿಲಿನಲ್ಲಿ 10 ಲಕ್ಷ ರೂಪಾಯಿ ದಂಡ ಬಿದ್ದಿತು. ಜೊತೆಗೆ 177 ಮರಗಳನ್ನು ಕಡಿಯಲು ಒಪ್ಪಿಗೆಯೂ ದೊರೆಯಿತು. ಅರಣ್ಯವಲ್ಲದ ಆ ಅರಣ್ಯದ ದಂಡದ ಹಣವನ್ನು ಕಟ್ಟಬೇಕಾದದ್ದು ಅರಣ್ಯ ಸಂರಕ್ಷಣಾಧಿಕಾರಿಗೆ.