ಸಿಸ್ಟಮ್ ಹುಡುಗ

ದಾವಣಗೆರೆಯ ಯಾವ ಆಡಿಟರ್ ಆಫೀಸಿಗೇ ಹೋಗಿ, ಅಲ್ಲೊಬ್ಬ ಸಿಸ್ಟಮ್ ಹುಡುಗ ಸಿಗುತ್ತಾನೆ. ನಾನು ಹೇಳುತ್ತಿರುವ ಹುಡುಗನಿಗೆ ನಲವತ್ತೇಳು ವರ್ಷ. ಓದಿದ್ದು ಬಿಕಾಂ, ಹುದ್ದೆ ಅಕೌಂಟೆಂಟ್. ಎಂದೋ ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದ ಎಳೆದುಕೊಟ್ಟಿದ್ದೇ ನೆಪವಾಗಿ, ಆಫೀಸಿನಲ್ಲಿ ವೈರ್ ಇರುವುದೆಲ್ಲ ಅವನ ಕೊರಳಿಗೆ ಬಿತ್ತು.

ಅವನ ಅಸಲು ಡ್ಯೂಟಿ ಶುರುವಾಗುವುದು ರಾತ್ರಿ ಊಟದ ಹೊತ್ತಿಗೆ. ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖು ಹತ್ತಿರ ಬಂತೆಂದರೆ ಸಾಹೇಬರಿಗೆ ಮನೆಯಲ್ಲೇ ಕೂತು ಆಫೀಸಿನ ಟ್ಯಾಲಿ ನೋಡಬೇಕು.

“ಏನೋ ಇದು, ಮತ್ತೆ ಕನೆಕ್ಟ್ ಆಗ್ತಿಲ್ಲ?”

“ಸಂಜೆ ಕರೆಂಟ್ ಹೋಗಿತ್ತಲ್ಲ ಸರ್. ಐಪಿ ಬದಲಾಗಿದೆ.”

ಶನಿ ಮನೆ ಬದಲಿಸಿದ್ದನ್ನು ಜೋಯಿಸರು ಹೇಳುತ್ತಾರಲ್ಲ, ಅದೇ ಗತ್ತು. ಆಮೇಲೆ ವಾಚ್‌ಮನ್‌ಗೆ ಫೋನು. ಅವನನ್ನು ಸರ್ವರ್ ಮುಂದೆ ಕೂರಿಸಿ, ಹೊಸ ನಂಬರ್ ಹುಡುಕಿಸಿ, ಓದಿಸುವುದು. “ಚುಕ್ಕಿ ನುಂಗಬೇಡ ಮಾರಾಯ, ಎಲ್ಲೆಲ್ಲಿ ಚುಕ್ಕಿ ಅದನ್ನೂ ಹೇಳು.” ವಾಚ್‌ಮನ್ ಈಗ ಎಷ್ಟು ಪಳಗಿದ್ದಾನೆಂದರೆ, ಚುಕ್ಕಿಗಳ ನಡುವಿನ ಅಂಕಿ 255 ದಾಟಿದರೆ ತಪ್ಪು ಓದಿದೆನೆಂದು ತಾನೇ ತಿದ್ದಿಕೊಳ್ಳುತ್ತಾನೆ.

ಸ್ಟ್ಯಾಟಿಕ್ ಐಪಿ ತೆಗೆದುಕೊಂಡರೆ ಈ ಗೋಳೇ ಇಲ್ಲ. ಹುಡುಗ ಅದನ್ನು ಹೇಳದೆಯೂ ಇಲ್ಲ. ಆದರೆ ಊರಿಗೆಲ್ಲ ಖರ್ಚು ತೋರಿಸುವುದನ್ನು ಕಲಿಸುವ ಸಾಹೇಬರು ಸ್ವಂತ ಖರ್ಚಿನ ಮಾತು ಬಂದರೆ ಕನ್ನಡಕ ಒರೆಸತೊಡಗುತ್ತಾರೆ. ಹಾಗಾಗಿ ಪುಕ್ಕಟೆ ಡಿಡಿಎನ್‌ಎಸ್. ನಂಬರ್ ಎಷ್ಟು ಸಲ ಬದಲಾದರೂ ರೂಟರ್ ಅದನ್ನು ಒಂದು ಖಾಯಂ ಹೆಸರಿನಡಿ ಬರೆಸುತ್ತಿರುತ್ತದೆ. ಸಾಹೇಬರು ಹೆಸರು ಹಿಡಿದು ಕರೆದರೆ ಸಾಕು. ಪುಕ್ಕಟೆ ಹೆಸರಾದ್ದರಿಂದ 30 ದಿನಕ್ಕೊಮ್ಮೆ ‘ಇನ್ನೂ ಬೇಕು’ ಎಂದು ಒತ್ತಬೇಕು. ಸ್ಕೂಟರಿನ ವಿಮೆ ಮರೆತು ದಂಡ ಕಟ್ಟಿದವನು ಇದನ್ನು ಮಾತ್ರ ಒಮ್ಮೆಯೂ ಮರೆತಿಲ್ಲ.

ಹೊರಗಿನ ನಂಬರ್ ಪಳಗಿತು ಎನ್ನುವಷ್ಟರಲ್ಲಿ ಒಳಗಿನದು ಕೈಕೊಟ್ಟಿತು. ಕರೆಂಟ್ ಹೋಗಿ ಬಂದಾಗ ಸರ್ವರಿನ 192.168.1.5 ಅನ್ನು ರೂಟರ್ ಹೊಸ ಪ್ರಿಂಟರಿಗೆ ಹಂಚಿಬಿಟ್ಟಿತ್ತು. ಸಾಹೇಬರು ಅರ್ಧರಾತ್ರಿವರೆಗೆ ಪ್ರಿಂಟರಿಗೆ ಪಾಸ್‌ವರ್ಡ್ ಕೊಡಲು ಕಾಯುತ್ತ ಕೂತಿದ್ದರು. ಮರುದಿನವೇ ಸರ್ವರಿಗೆ ಆ ನಂಬರ್ ಖಾಯಂ ಆಯಿತು. ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನು ಲೋಕಕ್ಕೆಲ್ಲ ತೆರೆದಿಡುವುದು ಅಪಾಯವೆಂದು ಯಾರೋ ಹೆದರಿಸಿದ್ದಕ್ಕೆ ಅದನ್ನು 3390 ಮಾಡಿದ. ಕಳ್ಳರಿಗೆ ಒಂದು ಕೂಡಿಸಲು ಬರುವುದಿಲ್ಲವೆಂದು ಅವನ ಲೆಕ್ಕ, ಬಿಕಾಂ ಅಲ್ಲವೇ!

ರೂಟರ್ ಮೇಲೆ ‘ಮುಟ್ಟಬೇಡಿ’ ಚೀಟಿ. ಆಯುಧಪೂಜೆಯ ದಿನ ಆಫೀಸಿನ ಯಂತ್ರಗಳಿಗೆಲ್ಲ ರಜೆ, ರೂಟರಿಗಿಲ್ಲ. ಅದು ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು, ಮಿಣುಕುತ್ತಲೇ ಇರಬೇಕು.

ಅವನನ್ನು ನಿಜಕ್ಕೂ ಕುಗ್ಗಿಸಿದ್ದು ಸಿಜಿನ್ಯಾಟ್. ಹಂಚಲು ಉಳಿದಿದ್ದ ಐಪಿವಿ4 ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿದಿತ್ತು. ಅದರ ಬಿಸಿ ನಮ್ಮ ಓಣಿಗೆ ತಟ್ಟಿದ್ದು ತಡವಾಗಿ. ಒಂದು ಬೆಳಿಗ್ಗೆ ರೂಟರಿಗೆ ಬಂದ ನಂಬರ್ 100.64 ಎಂದು ಶುರುವಾಗಿತ್ತು. ಹೊರಗಿನ ವಿಳಾಸ ಈಗ ಓಣಿಗೆಲ್ಲ ಒಂದೇ. ಆ ವಿಳಾಸಕ್ಕೆ ಬಂದವರನ್ನು ಇವನ ಸರ್ವರಿಗೆ ಕಳಿಸುವವರು ಯಾರೂ ಇಲ್ಲ. ಡಿಡಿಎನ್‌ಎಸ್ ಪಾಪ ನಿಷ್ಠೆಯಿಂದ ಸರಿಯಾದ ನಂಬರನ್ನೇ ಕೊಡುತ್ತಿತ್ತು, ಅದು ಯಾವ ಕೆಲಸಕ್ಕೂ ಬಾರದ ಸರಿ. ಆ ವಾರ ಹುಡುಗ ಚಹಾಕ್ಕೂ ಹೊರಗೆ ಬರಲಿಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲೇ ಒಂದು ವಿಪಿಎನ್ ಹಾಕಿಸಿದ. ಆಫೀಸಿನ ಸರ್ವರ್, ಸಾಹೇಬರ ಲ್ಯಾಪ್‌ಟಾಪ್, ಎರಡೂ ತಾವೇ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ನಂಬರ್ ಯಾವುದಾದರೇನು, ಎಷ್ಟು ಸಲ ಬದಲಾದರೇನು. ಪೋರ್ಟನ್ನೂ ಮುಚ್ಚಿಸಿದ್ದಾಯಿತು. ಅಂದಿನಿಂದ ಸಾಹೇಬರ ಫೋನಿಲ್ಲ, ವಾಚ್‌ಮನ್ ಚುಕ್ಕಿ ಎಣಿಸುವುದಿಲ್ಲ.

ಮೊನ್ನೆ 19ರ ರಾತ್ರಿ ಹುಡುಗನೇ ಸಾಹೇಬರಿಗೆ ಫೋನ್ ಮಾಡಿದನಂತೆ: “ಸರ್, ಕನೆಕ್ಟ್ ಆಗ್ತಿದೆಯಾ?”

“ಆಗ್ತಿದೆ. ಯಾಕೆ?”

“ಇನ್ನೊಂದ್ಸಲ ನೋಡಿ ಸರ್.”