ಕೊಪಣನಗರದ ಪತ್ತೇದಾರ ಸೋದರಿಯರು: ಒಂದು ನಿರ್ವಿವಾದ ಸಂಶೋಧನೆ

ಕನ್ನಡದಲ್ಲಿ ಪತ್ತೇದಾರಿಕೆ ಎನ್. ನರಸಿಂಹಯ್ಯನವರ ಪುರುಷೋತ್ತಮನಿಂದ ಶುರುವಾಯಿತೆಂದು ನಂಬಿರುವವರು ಈ ಪ್ರಬಂಧವನ್ನು ಓದದಿರುವುದೇ ಕ್ಷೇಮ. ಇಂಗ್ಲೆಂಡಿನವರ ಸ್ಥಿತಿ ಇನ್ನೂ ಕನಿಕರದ್ದು. ಬೆಲ್ಲಾ ಎಲ್ಲಿಸ್ ಎಂಬ ಹೆಸರಿನ ಲೇಖಕಿ ಶಾರ್ಲೆಟ್, ಎಮಿಲಿ, ಆ್ಯನ್ ಎಂಬ ಬ್ರಾಂಟೆ ಸೋದರಿಯರನ್ನು ಪತ್ತೇದಾರರನ್ನಾಗಿಸಿ 2019ರಲ್ಲಿ ‘ದಿ ವ್ಯಾನಿಶ್ಡ್ ಬ್ರೈಡ್’ ಬರೆದದ್ದೇ ದೊಡ್ಡ ಸಾಹಸವಂತೆ. ಕೊಪ್ಪಳ ಸೀಮೆಯಲ್ಲಿ ಈ ಕೆಲಸ ಹತ್ತನೆಯ ಶತಮಾನದಲ್ಲೇ ಮುಗಿದಿತ್ತೆಂದು ಸಾಧಿಸುವುದು ನಮ್ಮ ಉದ್ದೇಶ. ಸಾಧಿಸಿಯೂ ಆಗಿದೆ, ಇನ್ನು ಆಧಾರ ಒದಗಿಸುವುದಷ್ಟೇ ಬಾಕಿ.

ಪತ್ತೇದಾರರು ಅತ್ತಿಮಬ್ಬೆ, ಗುಂಡಮಬ್ಬೆ. ಮಲ್ಲಪಯ್ಯನ ಹೆಣ್ಣುಮಕ್ಕಳು; ಇಬ್ಬರೂ ಚಾಲುಕ್ಯ ಸೇನಾನಿ ನಾಗದೇವನ ಹೆಂಡಂದಿರು. ‘ಇವರು ಬರೆದದ್ದೇನು?’ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ: ಬರೆಯುವವರು ಸಿಕ್ಕೇ ಸಿಗುತ್ತಾರೆ, ಬರೆಸುವವರು ಸಿಗುವುದಿಲ್ಲ. ಅತ್ತಿಮಬ್ಬೆ 993ರಲ್ಲಿ ರನ್ನನಿಂದ ‘ಅಜಿತಪುರಾಣ’ ಬರೆಸಿದಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಹಿಂದಿನ ವಿದ್ವಾಂಸರು ಇದನ್ನು ಧರ್ಮಶ್ರದ್ಧೆ ಎಂದುಕೊಂಡು ಮೋಸಹೋದರು. ಸಾವಿರ ಪ್ರತಿ ಇರುವ ಕಡತ ಯಾವ ಕಚೇರಿಯಲ್ಲೂ ‘ಸಿಗುತ್ತಿಲ್ಲ, ನಾಳೆ ಬನ್ನಿ’ ಆಗುವುದಿಲ್ಲ ಎಂಬುದು ಪತ್ತೇದಾರಳಿಗಲ್ಲದೆ ಇನ್ನಾರಿಗೆ ಹೊಳೆದೀತು?

ಅವರು ಕೊಪ್ಪಳಕ್ಕೆ ಬಂದದ್ದುಂಟೆ? ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣನಗರವನ್ನು, ಅಂದರೆ ಇದೇ ಕೊಪ್ಪಳವನ್ನು, ಹೆಸರಿಸುತ್ತದೆ. ಜೈನರಿಗೆ ಅದು ಮಹಾತೀರ್ಥ. ರನ್ನನಂತೂ ಅತ್ತಿಮಬ್ಬೆಯ ಪಾವಿತ್ರ್ಯವನ್ನು ಕೊಪಣಾಚಲಕ್ಕೇ ಹೋಲಿಸಿದ್ದಾನೆ. ಇದನ್ನು ಬರೀ ಉಪಮೆ ಎನ್ನುವವರು ಕಾವ್ಯಮೀಮಾಂಸೆ ಓದಿದವರು. ನಾವು ಓದಿಲ್ಲವಾದ್ದರಿಂದ ಇದನ್ನು ಪ್ರವಾಸದ ದಾಖಲೆಯೆಂದು ಸ್ವೀಕರಿಸಿದ್ದೇವೆ. ಪತ್ತೇದಾರರು ಹೋದ ಊರಲ್ಲೆಲ್ಲ ಶಾಸನ ಕೆತ್ತಿಸಿ ಬರುವುದೂ ಇಲ್ಲ.

ಮೊದಲ ಪ್ರಕರಣ ಪಾಲ್ಕಿಗುಂಡಿನದು. ಕೊಪ್ಪಳದ ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಶೋಕನ ಶಾಸನವಿದೆ. ಎರಡೂ ಒಂದೇ ಒಕ್ಕಣೆಯವು. ಗವಿಮಠದ್ದು ನೆಟ್ಟಗಿದೆ, ಪಾಲ್ಕಿಗುಂಡಿನದು ಮಾತ್ರ ಅಳಿಸಿಹೋಗಿದೆ. ಮಳೆಬಿಸಿಲು ಎನ್ನುವುದು ಸೋಮಾರಿಗಳ ತೀರ್ಮಾನ. ಸೋದರಿಯರು ಬಂಡೆಯನ್ನು ಅಂಗೈಯಿಂದ ಸವರಿ, ಸುತ್ತ ಬಿದ್ದ ಹಿಕ್ಕೆ ಎಣಿಸಿ, ಆಡುಗಳು ಮೈ ಉಜ್ಜಿದ್ದರಿಂದ ಸಾಮ್ರಾಟನ ಮಾತು ಸವೆಯಿತೆಂದು ಕಂಡುಹಿಡಿದರು. ಆಡುಗಳ ಒಡೆಯ ಊರಿನ ಗಣ್ಯನಾದ್ದರಿಂದ ವರದಿ ಹೊರಬೀಳಲಿಲ್ಲ.

ಎರಡನೆಯದು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನಡೆಯಿತು. ಅಲ್ಲಿ ಬಂಡೆ ಚಪ್ಪಡಿಗಳ ಬೃಹತ್ ಶಿಲಾಗೋರಿಗಳಿವೆ. ಕೆಲವಕ್ಕೆ ದುಂಡನೆಯ ಕಿಂಡಿ ಬಿಟ್ಟರೆ ಬಾಗಿಲಿಲ್ಲ. ಮುಚ್ಚಿದ ಕೋಣೆಯ ರಹಸ್ಯವೆಂದು ಪಾಶ್ಚಾತ್ಯರು ಬೀಗುವುದೆಲ್ಲ ಇದರ ನಕಲು. ‘ಮೋರೇರ ಮನಿ ರೀ ಅವು, ಗಿಡ್ಡ ಮಂದಿ ಇದ್ರಂತ’ ಎಂದು ದನಗಾಹಿಯೊಬ್ಬ ನಮಗೆ ಹೇಳಿದ. ಗಿಡ್ಡರಿಗೆ ಕಿಂಡಿಯೇ ಬಾಗಿಲು! ರಹಸ್ಯ ಅಲ್ಲಿಗೇ ಬಗೆಹರಿದಿದ್ದರಿಂದ ಸೋದರಿಯರಿಗೆ ಕೆಲಸವೇ ಉಳಿಯಲಿಲ್ಲ.

ಇನ್ನೊಂದು ಪ್ರಕರಣವೂ ಕಡತದಲ್ಲಿದೆ. ನಾಗದೇವ ಸತ್ತಾಗ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅಕ್ಕ ಮಗ ಅಣ್ಣಿಗದೇವನನ್ನು ಸಾಕಲು ಉಳಿದಳು. ಅಕ್ಕನಿಗೆ ‘ದಾನಚಿಂತಾಮಣಿ’ ಬಿರುದು, ಲಕ್ಕುಂಡಿಯಲ್ಲಿ ಬಸದಿ, 1007ರ ಶಾಸನ, ಈಗ ಆಕೆಯ ಹೆಸರಲ್ಲಿ ಸರ್ಕಾರದ ಪ್ರಶಸ್ತಿ. ತಂಗಿಗೆ ಅಕ್ಕನ ಕಥೆಯೊಳಗೇ ಒಂದಿಷ್ಟು ಜಾಗ. ಆಕೆ ತಾನಾಗಿ ಹೋದಳೋ, ಕಳಿಸಿದರೋ? ಪ್ರಶ್ನೆ ಪ್ರಬಂಧದ ವ್ಯಾಪ್ತಿ ಮೀರುತ್ತದೆಂದು ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಬರೆದರು. ಸಾಕ್ಷಿ ನುಡಿಯಬೇಕಾದವಳು ಇಲ್ಲ, ಶಂಕಿತರೆಲ್ಲ ಮಾನ್ಯರು. ಹೀಗಾಗಿ ‘ಸ್ವಇಚ್ಛೆ’ ಎಂದು ನಮೂದಿಸಿ ಕಡತ ಮುಚ್ಚಿದ್ದೇವೆ. ಪಾಲ್ಕಿಗುಂಡಿನ ಆಡುಗಳನ್ನು ಕುರಿತ ಎರಡನೆಯ ಸಂಪುಟ ಅಚ್ಚಿನಲ್ಲಿದೆ.